ಮುರಿದ ಕಾಲೂ ಸೈಕಲ್ ಸವಾರಿಯೂ

ಒಮ್ಮೆ ಕಲಿತ ಸೈಕಲ್ ಸವಾರಿಯು ಮರೆತುಹೋಗುವುದಿಲ್ಲವೆಂಬ ಮಾತು ನಿಜ. ಕಾಲಿನ ಮೂಳೆ ಮುರಿದು ನಾಲ್ಕಾರು ತಿಂಗಳು ಮನೆಯಲ್ಲಿದ್ದ ವಿದ್ಯಾರ್ಥಿಯು ಮತ್ತೆ ಸೀಟನ್ನೇರಿದ ಕೂಡಲೆ ಅವನ ಕೈಕಾಲುಗಳು ಹಳೆಯ ಸಮತೋಲನವನ್ನು ತಾವಾಗಿಯೇ ಕಂಡುಕೊಳ್ಳುತ್ತವೆ. ಆ ಕೌಶಲವು ನೆಲೆಸಿರುವುದು ಮಾಂಸಖಂಡಗಳಲ್ಲಲ್ಲ, ಕಿರುಮೆದುಳೇ ಮೊದಲಾದ ಮಿದುಳಿನ ಭಾಗಗಳಲ್ಲಿ. ಪ್ಲಾಸ್ಟರು ಹಾಕಿದ್ದು ಕಾಲಿಗೆ, ಮಿದುಳಿಗಲ್ಲವಷ್ಟೆ! ಆದರೆ ಅಪಾಯವಿರುವುದೂ ಇಲ್ಲಿಯೇ. ಕೌಶಲವು ಮೊದಲ ದಿನವೇ ಹಿಂದಿರುಗುವುದರಿಂದ ಬಲವೂ ಹಿಂದಿರುಗಿತೆಂದು ಸವಾರನು ಭ್ರಮಿಸುತ್ತಾನೆ.

ಬಲವು ಎಷ್ಟು ಬೇಗ ಕುಂದುತ್ತದೆಂಬುದನ್ನು ಬಲ್ಲವರು ಕಡಿಮೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, ಸುಮಾರು 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಲಾಯಿತು. ಕಠಿಣ ಶ್ರಮದಲ್ಲಿ ಅವರ ದೇಹವು ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು ಸರಾಸರಿ ಕಾಲುಭಾಗಕ್ಕಿಂತಲೂ ಹೆಚ್ಚು ಕುಗ್ಗಿತ್ತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟು ವರ್ಷಗಳ ವಯೋಭಾರವೂ ಆ ಮೂರು ವಾರಗಳಷ್ಟು ಹಾನಿ ಮಾಡಿರಲಿಲ್ಲವೆಂದು ತಿಳಿದುಬಂತು. ಅವರಾದರೋ ಪೆಟ್ಟು ತಿಂದವರಲ್ಲ, ಸುಮ್ಮನೆ ಮಲಗಿದ್ದವರು. ಪ್ಲಾಸ್ಟರಿನೊಳಗೆ ಅಲುಗಾಡದಿದ್ದ ಕಾಲಿನ ಪಾಡನ್ನು ಊಹಿಸಬಹುದು. ಅದನ್ನು ಬಿಚ್ಚಿದ ದಿನ ಎರಡು ತೊಡೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಊಹೆಯೂ ಬೇಕಿಲ್ಲ.

ಇನ್ನು ಸೈಕಲ್ಲಿನ ಯಂತ್ರರಚನೆಯನ್ನು ಗಮನಿಸಿರಿ. ನಡೆಯುವಾಗ ಪ್ರತಿಯೊಂದು ಕಾಲೂ ಸರದಿಯಂತೆ ಇಡೀ ದೇಹವನ್ನು ಹೊರಬೇಕು. ಒಂದು ದುರ್ಬಲವಾದರೆ ಕುಂಟು ತಾನಾಗಿಯೇ ಹೊರಬೀಳುತ್ತದೆ. ಸೈಕಲ್ಲಿನಲ್ಲಿ ಹಾಗಲ್ಲ. ಎರಡು ಪೆಡಲುಗಳೂ ಒಂದೇ ಅಚ್ಚಿನ ಎರಡು ತುದಿಗಳಿಗೆ ಬಿಗಿಯಲ್ಪಟ್ಟಿವೆ. ಗಟ್ಟಿ ಕಾಲು ಒಂದು ಪೆಡಲನ್ನು ಕೆಳಕ್ಕೆ ತುಳಿದರೆ ಮತ್ತೊಂದು, ಅದರ ಮೇಲಿರುವ ಸೋತ ಕಾಲನ್ನೂ ಹೊತ್ತುಕೊಂಡು, ಮೇಲಕ್ಕೇರುತ್ತದೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಮೈಗಳ್ಳತನ ಮಾಡಿದರೂ ಗಾಡಿ ಸಾಗುವುದಿಲ್ಲವೆ? ಹತ್ತು ಕಿಲೋಮೀಟರು ಹೋಗಿಬಂದೆನೆಂದು ಹಿಗ್ಗುವವನು ಆ ಹತ್ತನ್ನು ಯಾವ ಕಾಲು ತುಳಿಯಿತೆಂದು ಅರಿಯನು. ಕೈಗಡಿಯಾರವಾಗಲಿ ಮೊಬೈಲಾಗಲಿ ದೂರವನ್ನು ಹೇಳಬಲ್ಲವೇ ಹೊರತು ಈ ಗುಟ್ಟನ್ನು ಸಾಮಾನ್ಯವಾಗಿ ಹೇಳವು.

ಇದರಿಂದ ಸೈಕಲ್ಲನ್ನು ದೂರತಕ್ಕದ್ದೆಂದಲ್ಲ. ದೇಹದ ಬಹುಭಾಗದ ತೂಕವನ್ನು ಸೀಟೇ ಹೊರುವುದರಿಂದ ಪೆಟ್ಟಾದ ಮಂಡಿಗೆ ಇಷ್ಟು ಹಿತವಾದ ವ್ಯಾಯಾಮ ಅಪರೂಪ. ವೈದ್ಯರು ನಿಂತಲ್ಲೇ ತುಳಿಯುವ ಸೈಕಲ್ಲನ್ನು ಮೊದಲು ಸೂಚಿಸುವುದುಂಟು. ಹೊಸದಾಗಿ ಕೂಡಿದ ಮೂಳೆಗೆ ಬೀಳುವ ಭಯ ಅಲ್ಲಿಲ್ಲ. ಸೀಟು ತಗ್ಗಾದಷ್ಟೂ ಮಂಡಿಯು ಹೆಚ್ಚು ಮಡಿಸಿ ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ತಂಗಿಯ ಸೈಕಲ್ಲನ್ನು ಎರವಲು ಪಡೆದು ಹೊರಡುವ ಅಣ್ಣಂದಿರು ಇದನ್ನು ನೆನಪಿಡಲಿ.

ಮನೋಬಲವೊಂದಿದ್ದರೆ ಸಾಕೆಂದು ವಾದಿಸುವವರು ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರನ್ನು ಹೇಳಬಹುದು. 1987ರ ಏಪ್ರಿಲಿನಲ್ಲಿ ಬೇಟೆಯ ವೇಳೆ ಆಕಸ್ಮಿಕವಾಗಿ ಕೋವಿಯ ಚರೆಗಳು ತಗುಲಿ ಅವರು ಸಾವಿನಂಚಿಗೆ ಹೋಗಿದ್ದರು. 1989ರ ಜುಲೈಯಲ್ಲಿ 3,000 ಕಿಲೋಮೀಟರಿಗೂ ಮಿಗಿಲಾದ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದರು. ಎಲ್ಲರೂ ಆ ಎಂಟು ಸೆಕೆಂಡುಗಳನ್ನೇ ಕೊಂಡಾಡುತ್ತಾರೆ. ನಡುವಣ ಎರಡು ವರ್ಷಗಳ ಲೆಕ್ಕವನ್ನು ಕೇಳುವವರಿಲ್ಲ. ಜಯಕ್ಕೆ ಮುನ್ನ, ಅದೇ ವರ್ಷ ಇಟಲಿಯ ಮಹಾಸ್ಪರ್ಧೆಯಲ್ಲಿ ಅವರದು 39ನೆಯ ಸ್ಥಾನ.

ನಮ್ಮ ಶಾಲಾಕಾಲೇಜುಗಳಲ್ಲಿ ಪ್ಲಾಸ್ಟರು ಬಿಚ್ಚಿದ ಮರುವಾರವೇ ಹುಡುಗನ ಹೆಸರು ಆಟದ ಪಟ್ಟಿಗೆ ಸೇರಿಬಿಡುತ್ತದೆ. ವ್ಯಾಯಾಮದ ಉಪಾಧ್ಯಾಯರು ವೈದ್ಯರ ಅನುಮತಿಪತ್ರದೊಡನೆ ಇನ್ನೊಂದನ್ನೂ ಕೇಳಬಹುದು. ದರ್ಜಿಯ ಟೇಪು ಸಾಕು: ಮಂಡಿಚಿಪ್ಪಿನಿಂದ 15 ಸೆಂಟಿಮೀಟರು ಮೇಲೆ ಎರಡು ತೊಡೆಗಳ ಸುತ್ತಳತೆಯನ್ನೂ ವಾರಕ್ಕೊಮ್ಮೆ ಬರೆದಿಡುವುದು. ಆ ಎರಡು ಅಂಕಿಗಳ ನಡುವೆ ಎದ್ದುಕಾಣುವ ಅಂತರವಿರುವವರೆಗೆ ಹುಡುಗನು ಪಟ್ಟಿಯಿಂದ ಹೊರಗಿರಲಿ.