ಘಟ್ಟದ ಅಂಚಿನ ಮೂರು ತಾಲ್ಲೂಕು: ನೆಲದ ಚರಿತ್ರೆ ಮರೆತ ಯೋಜನೆಗಳು

ಮುಂಗಾರು ಬಿರುಸಾಗುತ್ತಿದ್ದಂತೆ ಮಲೆನಾಡಿನಲ್ಲಿ ಪ್ರತಿವರ್ಷವೂ ಒಂದೇ ಬಗೆಯ ಸುದ್ದಿಗಳು ಸಾಲುಗಟ್ಟುತ್ತವೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳ ಸಂಚಾರಕ್ಕೆ ನಿರ್ಬಂಧ, ಹುಲಿಕಲ್ ಘಾಟಿಯ ರಸ್ತೆಗೆ ಉರುಳಿದ ಮಣ್ಣು, ಮನೆಯ ಹಿಂಬದಿಯ ಧರೆ ಕುಸಿದು ಆತಂಕಕ್ಕೆ ಸಿಲುಕಿದ ಕುಟುಂಬ, ಜೋಗದಲ್ಲಿ ಜಲವೈಭವ ಕಾಣಲು ನೆರೆದ ಪ್ರವಾಸಿಗರು. ಮಳೆ ಹಿಂದೆ ಸರಿದೊಡನೆ ಈ ಸುದ್ದಿಗಳೂ ಹಿಂದೆ ಸರಿಯುತ್ತವೆ. ಜಲಪಾತದ ಸೊಬಗು ಪ್ರವಾಸೋದ್ಯಮ ಇಲಾಖೆಯ ವಿಷಯವಾಗಿಯೂ, ಧರೆ ಕುಸಿತ ಕಂದಾಯ ಇಲಾಖೆಯ ಪರಿಹಾರದ ಕಡತವಾಗಿಯೂ, ಘಾಟಿ ರಸ್ತೆ ಲೋಕೋಪಯೋಗಿ ಇಲಾಖೆಯ ಅಂದಾಜು ಪಟ್ಟಿಯಾಗಿಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಆದರೆ ಇವೆಲ್ಲವೂ ಒಂದೇ ಭೂವೈಜ್ಞಾನಿಕ ಸಂಗತಿಯ ಭಿನ್ನ ಮುಖಗಳು. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚಿನಲ್ಲಿವೆ. ಆ ಅಂಚು ಹೇಗೆ ರೂಪುಗೊಂಡಿತು, ಇಂದು ಹೇಗೆ ಬದಲಾಗುತ್ತಿದೆ ಎಂಬುದನ್ನು ಗಮನಕ್ಕೆ ತಂದುಕೊಳ್ಳದೆ ಕೈಗೊಳ್ಳುವ ಯಾವ ನಿರ್ಧಾರವೂ ಈ ಭಾಗದಲ್ಲಿ ಬಹುಕಾಲ ಬಾಳಿಕೆ ಬಂದಿಲ್ಲ.

ಪರ್ವತಶ್ರೇಣಿಯಲ್ಲ, ಅಂಚು

ಭೂಮಿಯ ಮೇಲಿನ ಬೆಟ್ಟಗಳೆಲ್ಲ ಒಂದೇ ರೀತಿಯಲ್ಲಿ ಹುಟ್ಟಿದವಲ್ಲ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾ ಖಂಡಕ್ಕೆ ಢಿಕ್ಕಿ ಹೊಡೆದಾಗ ನಡುವಿನ ಶಿಲಾಪದರಗಳು ಮಡಿಕೆ ಬಿದ್ದು ಮೇಲೆದ್ದು ಹಿಮಾಲಯವಾಯಿತು. ಈ ಪ್ರಕ್ರಿಯೆ ಆರಂಭವಾಗಿ ಸುಮಾರು 5 ಕೋಟಿ ವರ್ಷಗಳಾಗಿದ್ದು, ಇನ್ನೂ ಮುಂದುವರಿದಿದೆ. ಪಶ್ಚಿಮ ಘಟ್ಟದ ಕಥೆ ಇದಕ್ಕೆ ತದ್ವಿರುದ್ಧ. ಅದು ಢಿಕ್ಕಿಯಿಂದಲ್ಲ, ಅಗಲಿಕೆಯಿಂದ ಹುಟ್ಟಿತು.

ದಕ್ಷಿಣ ಗೋಳಾರ್ಧದ ಗೊಂಡ್ವಾನ ಮಹಾಖಂಡ ಒಡೆಯುತ್ತ ಹೋದಂತೆ, ಸುಮಾರು 9 ಕೋಟಿ ವರ್ಷಗಳ ಹಿಂದೆ, ಅದುವರೆಗೆ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟಿತು. ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರಿ ದ್ವೀಪಗಳ ಕಂಬದಾಕಾರದ ಶಿಲೆಗಳು ಆ ಬಿರುಕಿನ ಕಾಲದಲ್ಲಿ ಉಕ್ಕಿದ ಲಾವಾರಸದ ಕುರುಹುಗಳು. ಬಿರುಕಿನ ಜಾಗದಲ್ಲಿ ಕಡಲು ತೆರೆದುಕೊಂಡಿತು. ಒಡೆದ ಖಂಡದ ಅಂಚು ಎತ್ತರದಲ್ಲಿ ಉಳಿಯಿತು. ಕಡಲಿನ ಕಡೆಗೆ ಧುಮ್ಮಿಕ್ಕುವ ತೊರೆಗಳು ಆ ಅಂಚನ್ನು ಕೊರೆಯುತ್ತ ಪೂರ್ವಕ್ಕೆ ಸರಿಸಿದವು. ಆದ್ದರಿಂದಲೇ ಕರಾವಳಿಯಿಂದ ನೋಡಿದರೆ ಘಟ್ಟ ಕೋಟೆಯ ಗೋಡೆಯಂತೆ ಕಾಣುತ್ತದೆ. ಶಿವಮೊಗ್ಗದ ಕಡೆಯಿಂದ ಬರುವವರಿಗೆ ಆಗುಂಬೆಯ ತನಕವೂ ಬೆಟ್ಟ ಹತ್ತಿದ ಅನುಭವವೇ ಆಗುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಮಾತ್ರ ಕೆಲವೇ ಕಿಲೋಮೀಟರ್‌ಗಳಲ್ಲಿ ನೆಲ 500 ಮೀಟರ್‌ಗೂ ಹೆಚ್ಚು ಕುಸಿಯುತ್ತದೆ. ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್, ಬ್ರೆಜಿಲಿನ ಸೆರ್ರಾ ಡೊ ಮಾರ್ ಇದೇ ಜಾತಿಯ ಭೂರೂಪಗಳು.

ಅಂಚು ಇತ್ತೀಚಿನದಾದರೂ ಅದರ ಶಿಲೆ ಅತಿ ಪುರಾತನ. ಈ ತಾಲ್ಲೂಕುಗಳ ತಳಪಾಯವಾದ ನೈಸ್ ಶಿಲೆಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಹೊಸನಗರ ತಾಲ್ಲೂಕಿನ 1,343 ಮೀಟರ್ ಎತ್ತರದ ಕೊಡಚಾದ್ರಿ ಕಬ್ಬಿಣದ ಅದಿರಿನಿಂದ ಕೂಡಿದ ಗಡಸು ಶಿಲೆಯ ಶಿಖರ. ಸುತ್ತಲಿನ ನೆಲ ಸವೆದುಹೋದರೂ ಗಟ್ಟಿಯಾದದ್ದು ತಲೆಯೆತ್ತಿ ನಿಂತಿತು.

ಘಟ್ಟ ಒಮ್ಮೆ ರೂಪುಗೊಂಡು ಸ್ಥಿರವಾಗಿದೆಯೇ, ಇನ್ನೂ ಮೇಲೇಳುತ್ತಿದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪಕರಲ್ಲೊಬ್ಬರಾದ ಕನ್ನಡಿಗ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು 1993ರ ಪ್ರಬಂಧವೊಂದರಲ್ಲಿ, ಪರ್ಯಾಯ ದ್ವೀಪ ಭೂವೈಜ್ಞಾನಿಕ ಲೆಕ್ಕದಲ್ಲಿ ಇತ್ತೀಚೆಗೆ ಮತ್ತೆ ಮೇಲೆದ್ದು ನದಿಗಳು ನವಚೈತನ್ಯ ಪಡೆದಿವೆ ಎಂದು ವಾದಿಸಿದ್ದರು. ಕರ್ನಾಟಕದ ಮ್ಯಾಂಗನೀಸ್ ಖನಿಜಗಳ ಕಾಲನಿರ್ಣಯದ ಆಧಾರದಲ್ಲಿ ನಡೆದ ನಂತರದ ಅಧ್ಯಯನಗಳು, 4 ಕೋಟಿ ವರ್ಷಗಳಿಗೂ ಹಿಂದೆಯೇ ಘಟ್ಟದ ಗೋಡೆ ಬಹುತೇಕ ಇಂದಿನ ಸ್ಥಾನದಲ್ಲಿತ್ತು ಎಂಬ ನಿಲುವಿಗೆ ಬಂದಿವೆ. ವಿವಾದ ಏನೇ ಇರಲಿ, ಬೆಟ್ಟ ಸವೆಯುವ ಸರಾಸರಿ ವೇಗವನ್ನು ಸಾವಿರ ವರ್ಷಕ್ಕೆ ಇಷ್ಟು ಸೆಂಟಿಮೀಟರ್ ಎಂದೇ ಅಳೆಯಬೇಕಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಎರಡು ಕಡಲಿನ ಹೊಳೆಗಳು

ಅಂಚಿನ ಲಕ್ಷಣ ಈ ಮೂರು ತಾಲ್ಲೂಕುಗಳ ಹೊಳೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶೃಂಗೇರಿಯ ಕಡೆಯಿಂದ ತೀರ್ಥಹಳ್ಳಿಗೆ ಬರುವ ತುಂಗೆ ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರವಿದ್ದರೂ ಬೆನ್ನು ತಿರುಗಿಸಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆಯೂ, ಹೊಸನಗರ ತಾಲ್ಲೂಕಿನ ಹುಂಚದ ಬಳಿ ಹುಟ್ಟುವ ಕುಮುದ್ವತಿಯೂ ಪೂರ್ವವಾಹಿನಿಗಳೇ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಪ್ರಸ್ಥಭೂಮಿಯ ಮೇಲೆ ವಾಯವ್ಯಕ್ಕೆ ಸಾವಧಾನವಾಗಿ ಹರಿದು, ನಂತರ ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಈ ತಿರುವು ಆಕಸ್ಮಿಕವಲ್ಲ. ಕಡಲಿನ ಕಡೆಯ ಹೊಳೆಗಳಿಗೆ ಇಳಿಜಾರು ಹೆಚ್ಚು, ದೂರ ಕಡಿಮೆ, ಮಳೆಯ ನೀರು ಹೇರಳ. ಆದಕಾರಣ ಅವುಗಳ ಕೊರೆಯುವ ಶಕ್ತಿಯೂ ಅಧಿಕ. ಅವು ಹಿಮ್ಮುಖವಾಗಿ ಕೊರೆಯುತ್ತ ಬಂದು, ಮೇಲಿನ ಹೊಳೆಯ ಪಾತ್ರವನ್ನು ತಲುಪಿ, ಅದರ ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ಇದನ್ನು ನದೀಹರಣ ಎನ್ನಲಾಗುತ್ತದೆ. ಶರಾವತಿಯ ಮೇಲ್ಪಾತ್ರದ ಸೌಮ್ಯ ಹರಿವು ಮತ್ತು ಜೋಗದ ಕೆಳಗಿನ ಆಳವಾದ ಕಮರಿ ಅದರ ಲಕ್ಷಣಗಳೆಂದು ಪರಿಗಣಿತವಾಗಿವೆ. ಜೋಗ ಜಲಪಾತವೆಂದರೆ ಘಟ್ಟದ ಗೋಡೆಯನ್ನು ಹೊಳೆ ಒಳಗೆ ಕೊರೆದುಕೊಂಡು ಬಂದಿರುವ ಸದ್ಯದ ಗಡಿರೇಖೆ.

ಬೆಳಕು ಕಂಡವರು, ನೆಲ ಕಳೆದುಕೊಂಡವರು

ಮೇಲೆ ಸಮತಟ್ಟಾದ ಹಳೆಯ ಕಣಿವೆ, ಕೆಳಗೆ ಕಡಿದಾದ ಕಮರಿ. ರಾಜ್ಯದ ವಿದ್ಯುತ್ ಇತಿಹಾಸವನ್ನು ಬರೆದದ್ದು ಈ ಭೂರೂಪವೇ. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಮತ್ತು ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ ಬಂದವು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರು ಘಟ್ಟದ ಕೆಳಗಿನ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಉತ್ಪಾದಿಸುತ್ತದೆ.

ಇದರ ಬೆಲೆಯನ್ನು ನಿರ್ಧರಿಸಿದ್ದೂ ಅದೇ ಭೂರೂಪ. ಲಿಂಗನಮಕ್ಕಿ ಅಣೆಕಟ್ಟಿನ ಎತ್ತರ ಸುಮಾರು 61 ಮೀಟರ್ ಮಾತ್ರ. ಆದರೆ ಮೇಲಿನ ಕಣಿವೆ ವಿಶಾಲ, ಅದರ ಇಳಿಜಾರು ಅತ್ಯಲ್ಪ. ಹೀಗಾಗಿ 151 ಟಿಎಂಸಿ ಅಡಿ ನೀರು ನಿಲ್ಲಿಸಲು 300 ಚದರ ಕಿಲೋಮೀಟರ್‌ಗೂ ಹೆಚ್ಚು ಪ್ರದೇಶ ಮುಳುಗಬೇಕಾಯಿತು. ಕಣಿವೆಯ ತಳವೆಂದರೆ ಗದ್ದೆ, ತೋಟ, ಮನೆ, ದೇವಸ್ಥಾನ, ಮುಳುಗಿದ್ದೂ ಅವೇ. ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಜನ ತಾಲ್ಲೂಕು ಕೇಂದ್ರಕ್ಕೆ ಬರಲು ಲಾಂಚ್ ನಂಬಿದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವ ವೇಳೆಗೆ ಆರು ದಶಕಗಳು ಸಂದಿದ್ದವು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆಗೆ ಇಷ್ಟು ಕಾಲವಾದರೂ ಪೂರ್ಣ ಪರಿಹಾರ ದೊರೆತಿಲ್ಲ.

ಈಗ ಚರ್ಚೆಯಲ್ಲಿರುವ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯೂ ಅದೇ ಅಂಚನ್ನು ನೆಚ್ಚಿಕೊಂಡಿದೆ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವಿನ ಎತ್ತರದ ಅಂತರ 450 ಮೀಟರ್‌ಗೂ ಹೆಚ್ಚು. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲೆತ್ತಿ, ಬೇಡಿಕೆಯ ವೇಳೆಗೆ ಕೆಳಗೆ ಹರಿಸುವುದು ಇದರ ತಂತ್ರ. ಹೊಸ ಜಲಾಶಯ ಬೇಕಿಲ್ಲ ಎಂಬುದು ಸಮರ್ಥಕರ ವಾದ. ಸುರಂಗ, ರಸ್ತೆ ಮತ್ತು ಭೂಗರ್ಭ ಕಾಮಗಾರಿಗಳು ಸಿಂಗಳೀಕ ಅಭಯಾರಣ್ಯದ ಕಡಿದಾದ ಇಳಿಜಾರಿನಲ್ಲೇ ನಡೆಯಬೇಕು ಎಂಬುದು ವಿರೋಧಿಗಳ ಆತಂಕ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ನೀಡಿತು. ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಹಾಗೂ ಗೇರುಸೊಪ್ಪದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಮೆಗಾವಾಟ್ ಮತ್ತು ಮರಗಳ ಲೆಕ್ಕ ಈ ಚರ್ಚೆಯಲ್ಲಿ ಧಾರಾಳವಾಗಿ ಕೇಳಿಬಂದಿದೆ. ಇಳಿಜಾರಿನ ಮಣ್ಣಿನ ಲೆಕ್ಕ ಅಷ್ಟಾಗಿ ಕೇಳಿಬಂದಿಲ್ಲ.

ಜಂಬಿಟ್ಟಿಗೆಯ ಕೆಳಗೆ

ಆ ಮಣ್ಣಿನ ಸ್ವರೂಪವನ್ನು ತಿಳಿಯಲು ಮಳೆಯ ಪಾತ್ರವನ್ನು ಗಮನಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಹುಲಿಕಲ್ ಹಲವು ವರ್ಷ ಅದನ್ನೂ ಮೀರಿಸಿದೆ. ಕಡಲಿನಿಂದ ಬರುವ ತೇವದ ಗಾಳಿಯನ್ನು ಘಟ್ಟದ ಗೋಡೆ ಮೇಲಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲಿನಲ್ಲಿ ಶಿಲೆ ಕೊಳೆತು, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದ ಪದರವೇ ಜಂಬಿಟ್ಟಿಗೆ. ಮಲೆನಾಡಿನ ಮನೆಗಳ ಗೋಡೆ ಎದ್ದಿರುವುದು ಅದರಿಂದಲೇ.

ಗಟ್ಟಿಯಾಗಿರುವುದು ಮೇಲಿನ ಹೊದಿಕೆ ಮಾತ್ರ. ಅದರ ಕೆಳಗೆ, ಕೊಳೆತರೂ ಪೂರ್ತಿ ಗಟ್ಟಿಯಾಗದ, ಕರಾವಳಿಯಲ್ಲಿ ಶೇಡಿ ಎಂದು ಕರೆಯುವ ಮೆದು ಜೇಡಿಮಣ್ಣಿನ ಪದರ ಇರುತ್ತದೆ. ಅದರಡಿಯಲ್ಲಿ ಬಂಡೆ. ಜಂಬಿಟ್ಟಿಗೆಯ ರಂಧ್ರಗಳಿಂದ ಇಳಿದ ನೀರು ಜೇಡಿಯಲ್ಲಿ ತುಂಬಿಕೊಳ್ಳುತ್ತದೆ. ದಿನಗಟ್ಟಲೆ ಮಳೆ ಸುರಿದಾಗ ಮಣ್ಣಿನ ತೂಕ ಏರುತ್ತದೆ, ಕಣಗಳ ಹಿಡಿತ ಸಡಿಲುತ್ತದೆ. ಇಳಿಜಾರಿನ ಬುಡ ಭದ್ರವಾಗಿದ್ದರೆ ಮಣ್ಣು ನಿಲ್ಲುತ್ತದೆ. ರಸ್ತೆಗಾಗಿ, ಮನೆಯ ನಿವೇಶನಕ್ಕಾಗಿ ಅಥವಾ ತೋಟ ವಿಸ್ತರಣೆಗಾಗಿ ಬುಡವನ್ನು ಕಡಿದಿದ್ದರೆ ಜಾರುತ್ತದೆ. ಸಾವಿರ ವರ್ಷಕ್ಕೆ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಸವೆಯುವ ಗುಡ್ಡದ ಬುಡವನ್ನು ಯಂತ್ರವೊಂದು ಒಂದೇ ದಿನದಲ್ಲಿ ಹತ್ತಾರು ಅಡಿ ನೇರವಾಗಿ ಕತ್ತರಿಸಬಲ್ಲದು. ಮಲೆನಾಡಿನ ಮಾತಿನಲ್ಲಿ ಧರೆ ಎಂದರೆ ಹೀಗೆ ಕಡಿದು ನಿಂತ ಮಣ್ಣಿನ ಗೋಡೆಯೇ.

2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜರಿದು ಗದ್ದೆ, ತೋಟಗಳ ಮೇಲೆ ಮಣ್ಣು ಹರಡಿತು. ಅದಕ್ಕೂ ಮುನ್ನ 2018ರಲ್ಲಿ ಕೊಡಗು, ನಂತರ 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ಜುಲೈ 30ರಂದು 200ಕ್ಕೂ ಹೆಚ್ಚು ಜನರನ್ನು ಬಲಿಪಡೆದ ವಯನಾಡು ಇದೇ ಘಟ್ಟದ ಸಾಲಿನ ದುರಂತಗಳು. ಪ್ರತಿಯೊಂದರ ತಕ್ಷಣದ ಕಾರಣ ಬೇರೆ ಇರಬಹುದು. ಕಡಿದಾದ ಅಂಚು, ಆಳವಾಗಿ ಕೊಳೆತ ಮಣ್ಣು, ಎಡೆಬಿಡದ ಮಳೆ ಸಮಾನ. 2011ರ ಜನವರಿಯಲ್ಲಿ ಬ್ರೆಜಿಲಿನ ಸೆರ್ರಾ ಡೊ ಮಾರ್ ಸಾಲಿನಲ್ಲಿ, ರಿಯೊ ಡಿ ಜನೈರೊ ರಾಜ್ಯದ ಬೆಟ್ಟದೂರುಗಳ ಮೇಲೆ ಗುಡ್ಡಗಳು ಜಾರಿ 900ಕ್ಕೂ ಹೆಚ್ಚು ಮಂದಿ ಸತ್ತದ್ದೂ ಇಂಥದ್ದೇ ನೆಲದಲ್ಲಿ.

ಗೆರೆ ಎಲ್ಲಿ ಎಳೆಯಬೇಕು?

ವಯನಾಡು ದುರಂತದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು.

ಈ ವಿರೋಧವನ್ನು ಕೇವಲ ರಾಜಕೀಯವೆಂದು ತಳ್ಳಿಹಾಕಲಾಗದು. ಒಮ್ಮೆ ಅಣೆಕಟ್ಟಿಗಾಗಿ ನೆಲ ಬಿಟ್ಟುಕೊಟ್ಟು, ಪುನರ್ವಸತಿಯ ನೆಲಕ್ಕೂ ಹಕ್ಕುಪತ್ರ ಸಿಗದ ಕುಟುಂಬಗಳಿಗೆ ಸರ್ಕಾರಿ ನಕ್ಷೆಯ ಮೇಲಿನ ಪ್ರತಿ ಹೊಸ ಗೆರೆಯೂ ಭಯ ಹುಟ್ಟಿಸುವುದು ಸಹಜ. ಗೆರೆ ಎಳೆದ ವಿಧಾನವೂ ಆ ಭಯಕ್ಕೆ ಇಂಬು ನೀಡಿದೆ. ಕಸ್ತೂರಿರಂಗನ್ ಸಮಿತಿ ಗ್ರಾಮವನ್ನು ಘಟಕವಾಗಿ ತೆಗೆದುಕೊಂಡು, ಶೇ 20 ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ಪ್ರದೇಶವಿರುವ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಿತು. ಕಣಿವೆಯ ತಳದ ಶತಮಾನಗಳ ತೋಟವೂ ಅದರ ಮೇಲಿನ ಕಡಿದಾದ ಗುಡ್ಡವೂ ಒಂದೇ ಬಣ್ಣ ಪಡೆದವು. ಪಟ್ಟಿಯ ಹೊರಗಿನ ಗ್ರಾಮದಲ್ಲಿ ಅಷ್ಟೇ ಅಪಾಯಕಾರಿ ಇಳಿಜಾರಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ.

ಭೂಕುಸಿತದ ನಕ್ಷೆಗಳ ಮಿತಿ ಇನ್ನೊಂದು ಬಗೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1:50,000 ಮಾಪಕದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ಸಿದ್ಧಪಡಿಸಿದೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ತಾಲ್ಲೂಕು ಮಟ್ಟದ ಎಚ್ಚರಿಕೆಗೆ ಇದು ಸಾಕು. ಯಾವ ಮನೆಯ ಹಿಂದಿನ ಧರೆ ಜಾರೀತು ಎಂಬುದನ್ನು ಅದು ಹೇಳಲಾರದು. ಗ್ರಾಮ ಪಂಚಾಯಿತಿ ಕಟ್ಟಡ ಪರವಾನಗಿ ನೀಡುವಾಗಲೂ, ರಸ್ತೆ ಅಗಲಗೊಳಿಸುವ ಅಂದಾಜು ಪಟ್ಟಿ ತಯಾರಾಗುವಾಗಲೂ ಬೇಕಾಗುವುದು ಇಳಿಜಾರಿನ ಕೋನ, ಮಣ್ಣಿನ ಆಳ, ಒರತೆಗಳ ಜಾಡು ತೋರಿಸುವ ನಕ್ಷೆ. ಇಂತಹ ನಕ್ಷೆ ಇದ್ದಲ್ಲಿ ನಿರ್ಬಂಧ ಇಡೀ ಗ್ರಾಮದ ಮೇಲಲ್ಲ, ಅಪಾಯದ ಇಳಿಜಾರಿನ ಮೇಲೆ ಮಾತ್ರ ಬೀಳುತ್ತದೆ. ರೈತರ ಆತಂಕ ತಗ್ಗಲೂ, ಜೀವಹಾನಿ ತಪ್ಪಲೂ ಅದೇ ಕಾರ್ಯಸಾಧ್ಯ ಮಾರ್ಗ.

ಹಿಂದಿನವರಿಗೆ ಈ ವಿವೇಕ ಅಪರಿಚಿತವಾಗಿರಲಿಲ್ಲ. ಕಣಿವೆಯ ತಳದಲ್ಲಿ ತೋಟ, ಅದರಲ್ಲಿ ನೀರು ಹೊರಹೋಗಲು ಬಸಿಗಾಲುವೆ, ಮೇಲಿನ ಗುಡ್ಡದಲ್ಲಿ ಬೇರು ಹಿಡಿದ ಸೊಪ್ಪಿನಬೆಟ್ಟ ಮತ್ತು ಕಾನು ಎಂಬ ವಿಂಗಡಣೆ ನೆಲದ ರೂಪವನ್ನೇ ಅನುಸರಿಸಿತ್ತು. ಸೊಪ್ಪಿನಬೆಟ್ಟ ಬೋಳಾದಲ್ಲಿ, ತೋಟ ಗುಡ್ಡ ಹತ್ತಿದಲ್ಲಿ ಆ ಕ್ರಮ ಕೆಟ್ಟಿದೆ.

ಘಟ್ಟದ ಅಂಚು ಇನ್ನೂ ಪೂರ್ವಕ್ಕೆ ಸರಿಯುತ್ತಲೇ ಇರುತ್ತದೆ. ಗುಡ್ಡ ಜರಿಯುವುದೂ ಆ ಚಲನೆಯ ಒಂದು ಭಾಗ. ಅದನ್ನು ತಡೆಯುವುದು ಯಾವ ಸರ್ಕಾರದ ಅಳವಿನಲ್ಲೂ ಇಲ್ಲ. ಎಲ್ಲಿ ಜರಿಯಬಹುದು ಎಂಬುದನ್ನು ಮುಂಚಿತವಾಗಿ ಗುರುತಿಸುವುದು, ಅಲ್ಲಿ ಬುಡ ಕಡಿಯದಂತೆ ನೋಡಿಕೊಳ್ಳುವುದು ಸರ್ಕಾರದ ಅಳವಿನಲ್ಲಿದೆ. ಮುಂದಿನ ಮುಂಗಾರಿಗೆ ಮುನ್ನ ಮೂರು ತಾಲ್ಲೂಕುಗಳ ಆಡಳಿತ ಉತ್ತರಿಸಬೇಕಾದ ಪ್ರಶ್ನೆ ಅಷ್ಟೇ.