ಬಾಕಿ ಕೇಳದ ಅಂತೋಣಿ

ಸಿನಿಮಾ ಪತ್ರಿಕೆಯಲ್ಲಿ ಸಂತ ಅಂತೋಣಿ ಯಾಕಪ್ಪಾ ಅಂತೀರಾ? ಕೇಳಿ.

ಅಪ್ಪ ತೀರಿಕೊಂಡಾಗ ನಾನು ಪಿಯುಸಿ. ನಮ್ಮ ಚರ್ಚಿನ ಹಿರಿಯರೊಬ್ಬರು, 'ಚಂದಾ ಬಾಕಿ ಕಟ್ಟಿ, ಆಮೇಲೆ ಗುಂಡಿ ತೋಡಿ' ಎಂದರು. ಅವ್ವ ಓಲೆ ಅಡವಿಟ್ಟಳು. ನಾನು ಕಾಲೇಜೂ ಬಿಟ್ಟೆ, ಚರ್ಚೂ ಬಿಟ್ಟೆ.

ಹತ್ತು ವರ್ಷದ ಮೇಲೆ, ಅವ್ವನ ಕಾಟ ತಾಳಲಾರದೆ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಹೋದೆ. ಹೊಲ ಉಳುತ್ತಿದ್ದ ರೈತನಿಗೆ ಅಂತೋಣಿಯ ವಿಗ್ರಹ ಸಿಕ್ಕಿದ ಜಾಗವೆಂದು ಪ್ರತೀತಿ. 2019ರಲ್ಲಿ ಬೆಸಿಲಿಕ ಆಯಿತು. ಜೂನ್ 13ರ ಹಬ್ಬಕ್ಕೆ ಎಲ್ಲ ಮತದವರೂ ಬರ್ತಾರೆ. ಹಣೆತುಂಬ ಕುಂಕುಮವಿಟ್ಟ ಅಜ್ಜಿಯೊಬ್ಬಳು ತನ್ನ ಮೇಣದಬತ್ತಿಯೊಂದನ್ನು ನನ್ನ ಕೈಗಿಟ್ಟು, 'ಹಚ್ಚು ಮಗಾ' ಎಂದಳು. ಯಾರು, ಏನು ಅಂತ ಕೇಳಲಿಲ್ಲ. ಅತ್ತುಬಿಟ್ಟೆ.

ಆ ಹಿರಿಯರನ್ನು ಇನ್ನೂ ಕ್ಷಮಿಸೋಕೆ ಆಗಿಲ್ಲ. ಆದರೆ ಬಾಕಿ ಕೇಳಿದ್ದು ಯೇಸುವಲ್ಲ ಅಂತ ಗೊತ್ತಾಗಿದೆ. ಈಗ ಭಾನುವಾರ ಅವ್ವನ ಜೊತೆ ಪೂಜೆಗೆ ಹೋಗ್ತೀನಿ. ಕೂರೋದು ಕೊನೇ ಸಾಲಿನಲ್ಲಿ.

ಬರೋ ವಾರ ಸಿನಿಮಾ ಮಾತು, ಆಯ್ತಾ?