ಕರಾರುಪತ್ರವೂ ಗಣಕಯಂತ್ರವೂ

ತುರ್ಭೆಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ನಮ್ಮ ಗುಮಾಸ್ತರಿಗೆ ಕರಾರುಪತ್ರವು ಹೊಸ ವಸ್ತುವಲ್ಲ. ಸಾಗಾಟಕ್ಕೊಂದು, ಕಾವಲಿಗೊಂದು, ಗೋದಾಮಿಗೊಂದು, ಕ್ಯಾಂಟೀನಿಗೊಂದು. ಕಂಪೆನಿಗಳ ಕಾನೂನು ಅಧಿಕಾರಿಗಳು ಇವನ್ನು ಗಣಕಯಂತ್ರಕ್ಕೆ ಒಪ್ಪಿಸುತ್ತಿರುವುದು ಕೇವಲ ವಕೀಲರ ಮನೆವಾರ್ತೆಯೆಂದು ನಾವು ಬಗೆದರೆ ತಪ್ಪಾದೀತು.

ಕಪಾಟಿನಲ್ಲಿ ಮಲಗಿದ ಕರಾರಿನ ದೋಷವು ಬಹುತೇಕ ಅದರ ವಾಕ್ಯಗಳಲ್ಲಿರುವುದಿಲ್ಲ, ತಾರೀಖಿನಲ್ಲಿರುತ್ತದೆ. ಅವಧಿ ಮುಗಿದುದು ಯಾರ ಗಮನಕ್ಕೂ ಬಾರದೆ ಕ್ಯಾಂಟೀನಿನ ಗುತ್ತಿಗೆದಾರನು ತಿಂಗಳುಗಟ್ಟಲೆ ಊಟ ಬಡಿಸುತ್ತಿರುತ್ತಾನೆ. ಬಿಲ್ಲಿನ ತಕರಾರು ಎದ್ದ ದಿನ ಸಹಿಯಾದ ಪ್ರತಿಯೇ ಸಿಕ್ಕುವುದಿಲ್ಲ. ಹಣ ತಡೆಯಲ್ಪಟ್ಟಾಗ ಮೊದಲು ನಿಲ್ಲುವುದು ಅಡಿಗೆಯವನ ಮತ್ತು ಮಾಣಿಯ ಸಂಬಳ.

ಆದುದರಿಂದ ದುಬಾರಿ ಯಂತ್ರವನ್ನು ಕೊಳ್ಳುವ ಮುನ್ನ ಎಲ್ಲ ಕರಾರುಗಳನ್ನೂ ಒಂದೆಡೆ ಕೂಡಿಹಾಕಿ, ಪ್ರತಿಯೊಂದರ ಮುಕ್ತಾಯದ ದಿನ, ನೋಟೀಸಿನ ಅವಧಿ, ಠೇವಣಿ, ಹೊಣೆಗಾರನ ಹೆಸರು ಇವನ್ನು ಬರೆದಿಡುವುದೇ ಪ್ರಥಮ ಕಾರ್ಯ. ಇದು ಹಳೆಯ ಕಾರಕೂನನ ವಿದ್ಯೆಯೇ ಸರಿ. ಮುಂಚಿತವಾಗಿ ಎಚ್ಚರಿಸುವ ಕೆಲಸವನ್ನು ಯಂತ್ರವು ಮರೆಯದೆ ಮಾಡುತ್ತದೆ. ಕರಾರನ್ನು ಓದಿ ಸಾರಾಂಶ ಹೇಳುವ ಕೃತಕ ಬುದ್ಧಿಯೂ ಈಗ ಬಂದಿದೆ. ಆದರೆ ಇಲ್ಲದ ಷರತ್ತನ್ನು ಇದೆಯೆಂದು ಧೈರ್ಯದಿಂದ ಹೇಳುವ ಚಾಳಿ ಅದಕ್ಕುಂಟು. ಕಡೆಯ ಓದು ಮನುಷ್ಯನದೇ ಆಗಿರಬೇಕು.

ಕಾನೂನಿನ ಅಡ್ಡಿ ಹೆಚ್ಚಿಲ್ಲ. ವಿದ್ಯುನ್ಮಾನ ರೂಪದ ಕರಾರು ಆ ಕಾರಣಕ್ಕಾಗಿಯೇ ಅಸಿಂಧುವಾಗದೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2009ರಲ್ಲಿ ಜಾರಿಗೆ ಬಂದ ತಿದ್ದುಪಡಿ ಸ್ಪಷ್ಟಪಡಿಸಿದೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅಂಥ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ಮೂಲ ಕಡತವನ್ನು ಕೆಡದಂತೆ ಕಾಪಾಡಿದ ಗುಮಾಸ್ತನ ಬೆಲೆ ಆಗ ತಿಳಿಯುತ್ತದೆ. ಮುದ್ರಾಶುಲ್ಕವನ್ನೂ ಮರೆಯಲಾಗದು, ಮಹಾರಾಷ್ಟ್ರ ಸರಕಾರವು 2024ರ ಅಕ್ಟೋಬರಿನಲ್ಲಿ ಅನೇಕ ಪತ್ರಗಳ ಶುಲ್ಕವನ್ನು 100 ರೂಪಾಯಿಯಿಂದ 500ಕ್ಕೆ ಏರಿಸಿತು.

ಇನ್ನೊಂದು ಮಾತು. ಕಂಪೆನಿಯ ಪೂರ್ಣಕಾಲಿಕ ಸಂಬಳದ ಕಾನೂನು ಅಧಿಕಾರಿಗೆ, ವೃತ್ತಿನಿರತ ವಕೀಲರಿಗಿರುವ ಗೋಪ್ಯತೆಯ ರಕ್ಷಣೆಯು ಅದೇ ಪ್ರಮಾಣದಲ್ಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 31ರಂದು ಹೇಳಿದೆ. ಯಂತ್ರದೊಳಗೆ ಬರೆದಿಡುವ ಟಿಪ್ಪಣಿ ನಾಳೆ ನ್ಯಾಯಾಲಯದ ಮೇಜಿಗೆ ಬಂದೀತೆಂಬ ಎಚ್ಚರ ಅವರಿಗಿರುವುದು ಒಳ್ಳೆಯದು.

ನಮ್ಮವರ ಮಟ್ಟಿಗೆ ಮುಖ್ಯವಾದುದು ಬೇರೆಯೇ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೊಂದು, ಹತ್ತು ಯಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರ ಕೊಡುವುದನ್ನು ಕಡ್ಡಾಯ ಮಾಡಿದೆ. ಐವತ್ತು ಯಾ ಹೆಚ್ಚು ಗುತ್ತಿಗೆ ಕೆಲಸಗಾರರಿರುವಲ್ಲಿ ಗುತ್ತಿಗೆದಾರನು ಸಂಬಳ ಕೊಡದಿದ್ದರೆ ಮೂಲ ಮಾಲಿಕನೇ ತೆರಬೇಕೆಂದೂ ವಿಧಿಸಿದೆ. ಹೀಗಿರಲು, ಅಕ್ಕಿ ಬೇಳೆಯ ಕರಾರಿಗೆ ಯಂತ್ರದಲ್ಲಿ ಸ್ಥಳವಿದ್ದು ಅನ್ನ ಬೇಯಿಸುವವನ ಪತ್ರಕ್ಕೆ ಇಲ್ಲವೆಂದರೆ ಆ ವ್ಯವಸ್ಥೆ ಅರೆಬರೆಯಾದುದು. ಕ್ಯಾಂಟೀನಿನ ಗುತ್ತಿಗೆ ನವೀಕರಣಕ್ಕೆ ಬಂದಾಗ ಆ ನೇಮಕಪತ್ರಗಳ ಪ್ರತಿಗಳನ್ನೂ ಕಡತಕ್ಕೆ ಸೇರಿಸುವಂತೆ, ಕಾನೂನು ವಿಭಾಗಗಳಲ್ಲಿ ಕುಳಿತ ನಮ್ಮ ಗುಮಾಸ್ತ ಬಂಧುಗಳು ಮೇಲಧಿಕಾರಿಗಳಿಗೆ ಸೂಚಿಸಬಹುದಲ್ಲವೆ?